ಕೋ-ಆಪ್ ಫೀಸು, ಅಡಿಕೆ ದುಡ್ಡು: ನಾನು ಹಾಕಿದ ಲೆಕ್ಕ

ಸಾಗರದ ಭಾವ ಸಿಕ್ಕಾಗಲೆಲ್ಲ ಇದೇ ಮಾತು ಹೇಳುತ್ತಿದ್ದರು. "ಕೆಲಸ ಮಾಡೋದು ಕಂಪನಿಯಲ್ಲಿ, ಫೀಸು ಕಟ್ಟೋದು ಕಾಲೇಜಿಗೆ. ಎಂಥದು ಮಾರಾಯ್ತಿ ಇದು? ಸುಮ್ನೆ ನಾಲ್ಕು ವರ್ಷದಲ್ಲಿ ಓದಿ ಮುಗಿಸಲಿ." ಕೋ-ಆಪ್ ಅಂದರೆ ಓದಿನ ನಡುನಡುವೆ ಕೆಲವು ತಿಂಗಳು ಕಂಪನಿಯಲ್ಲಿ ಸಂಬಳಕ್ಕೆ ಕೆಲಸ ಮಾಡುವ ವ್ಯವಸ್ಥೆ, ಅವರ ಸಿಟ್ಟು ಅದರ ಮೇಲೆ. ನಮ್ಮನೆಯವರಿಗೂ ಒಳಗೊಳಗೆ ಅದೇ ಅನುಮಾನ. ಈ ಜನವರಿಯಲ್ಲಿ ಮಗಳ ಕೊನೆಯ ಟರ್ಮ್ ಫೀಸಿನ ಬಹುಪಾಲು ಅವಳ ಖಾತೆಯಿಂದಲೇ ಹೋಯಿತು. ಈಗ ಅದೇ ಭಾವ ತಮ್ಮದೇ ಮಗನ ಕಾಲೇಜು ಸೀಟಿನ ಆಫರ್ ಲೆಟರ್ ಹಿಡಿದುಕೊಂಡು ಬಂದಿದ್ದಾರೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆ ಐದು ಎಕರೆ ಅಡಿಕೆ ತೋಟ. ಕೂಲಿ ಲೆಕ್ಕ, ಮಂಡಿ ಲೆಕ್ಕ ಎಲ್ಲ ಮದುವೆಯಾದಾಗಿನಿಂದ ನನ್ನದೇ. ಮಗಳು 2021ರ ಸೆಪ್ಟೆಂಬರ್‌ನಲ್ಲಿ ಕೆನಡಾದ ಪಶ್ಚಿಮ ತೀರದ ಒಂದು ಯೂನಿವರ್ಸಿಟಿಗೆ ಕಂಪ್ಯೂಟರ್ ಸೈನ್ಸ್ ಸೇರಿದಳು. ಜಿಐಸಿ (ಕೆನಡಾದ ಬ್ಯಾಂಕಿನಲ್ಲಿ ಇಡುವ ಠೇವಣಿ), ವೀಸಾ, ಎ-2 ಫಾರಂ (ವಿದೇಶಕ್ಕೆ ದುಡ್ಡು ಕಳಿಸಲು ಬ್ಯಾಂಕಿಗೆ ಕೊಡುವ ಅರ್ಜಿ) ಇದನ್ನೆಲ್ಲ ಇಲ್ಲಿ ಬಿಡುತ್ತೇನೆ. ಫೀಸಿನ ವಿಷಯಕ್ಕೆ ಬರುತ್ತೇನೆ.

ಮೊದಲು ಏಜೆಂಟರ ಹಾಳೆ. ಬೆಂಗಳೂರಿನವರು, ಹೆಸರು ಬೇಡ. ವರ್ಷದ ಫೀಸು ಒಂದು ಸಾಲು, ಕೋ-ಆಪ್ ಸಂಬಳ ಇನ್ನೊಂದು ಸಾಲು. ಒಂದರಲ್ಲಿ ಇನ್ನೊಂದನ್ನು ಕಳೆದು, ಎರಡನೇ ವರ್ಷದಿಂದ "ಮಗಳೇ ಓದಿಕೊಳ್ಳುತ್ತಾಳೆ ಮೇಡಂ" ಅಂದರು. ಕೆಳಗೆ ಸಣ್ಣ ಅಕ್ಷರದಲ್ಲಿ ಕೋ-ಆಪ್ ಪರ್ಮಿಟ್ ಚಾರ್ಜ್ 25 ಸಾವಿರ ಅಂತ ಇತ್ತು. ಸ್ಟಡಿ ಪರ್ಮಿಟ್‌ಗೆ 150 ಕೆನಡಾ ಡಾಲರ್, ಬಯೋಮೆಟ್ರಿಕ್‌ಗೆ 85 ಡಾಲರ್, ಇದು ಸರ್ಕಾರದ ಫೀಸು. ಕೋ-ಆಪ್ ವರ್ಕ್ ಪರ್ಮಿಟ್‌ಗೆ ಆಗ ಅಲ್ಲಿನ ಸರ್ಕಾರ ಒಂದು ಪೈಸೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆ ಸಾಲಿಗೆ ಗೀಟು ಹೊಡೆದು ಹಾಳೆ ವಾಪಸ್ ಕೊಟ್ಟೆ. ಆಮೇಲೆ ಅವರ ಫೋನ್ ಬರಲಿಲ್ಲ.

ನಾನು ವರ್ಷದ ಲೆಕ್ಕ ಬಿಟ್ಟು ಟರ್ಮ್ ಲೆಕ್ಕ ಹಿಡಿದೆ. ಸೆಪ್ಟೆಂಬರ್, ಜನವರಿ, ಮೇ, ಹೀಗೆ ನಾಲ್ಕು ನಾಲ್ಕು ತಿಂಗಳ ಮೂರು ಟರ್ಮ್. ಪ್ರತಿ ಟರ್ಮ್‌ಗೂ ಒಂದು ಪುಟ. ಆ ಪುಟದಲ್ಲಿ ಮೊದಲು ಬರೆಯಬೇಕಾದದ್ದು ಕೋ-ಆಪ್ ಫೀಸು ಯಾವ ಟರ್ಮ್‌ನಲ್ಲಿ ಬೀಳುತ್ತದೆ ಅನ್ನುವುದು. ಎಲ್ಲ ಕಡೆ ಒಂದೇ ರೀತಿ ಇಲ್ಲ. ಕೆನಡಾದ್ದೇ ಆದ ವಾಟರ್‌ಲೂ ಯೂನಿವರ್ಸಿಟಿಯಲ್ಲಿ ಓದುವ ಟರ್ಮ್‌ಗಳ ಬಿಲ್ಲಿನಲ್ಲೇ ಅದನ್ನು ಸೇರಿಸುತ್ತಾರೆ, ಕೆಲಸದ ಟರ್ಮ್‌ನಲ್ಲಿ ಕೇಳುವುದಿಲ್ಲ. ಅಲ್ಲಿ ಅದು ಆಯಾ ಟರ್ಮ್‌ನ ಕೆಲಸಕ್ಕೆ ಕೊಡುವ ಬೆಲೆ ಅಲ್ಲ, ಕೋ-ಆಪ್ ವ್ಯವಸ್ಥೆ ನಡೆಸುವ ಖರ್ಚಿನ ಪಾಲು. ಮಗಳ ಯೂನಿವರ್ಸಿಟಿಯಲ್ಲಿ ಉಲ್ಟಾ. ಸೇರುವಾಗ ಒಮ್ಮೆ ಟ್ರೈನಿಂಗ್ ಫೀಸು, ಅದು ವಾಪಸ್ ಬರುವ ಮಾತೇ ಇಲ್ಲ. ಆಮೇಲೆ ಕೆಲಸ ಸಿಕ್ಕಿದ ಟರ್ಮ್‌ಗೆ ಮಾತ್ರ ಸುಮಾರು 1,200 ಡಾಲರ್. ಅಮೆರಿಕದ ಬಾಸ್ಟನ್‌ನ ನಾರ್ತ್‌ಈಸ್ಟರ್ನ್ ಯೂನಿವರ್ಸಿಟಿಯಲ್ಲಿ ಡಿಗ್ರಿ ಹುಡುಗರು ಪೂರ್ತಿ ಸಮಯದ ಕೋ-ಆಪ್‌ನಲ್ಲಿದ್ದಾಗ ಟ್ಯೂಷನ್ ಫೀಸೇ ಇಲ್ಲ.

ಭಾವನ ಸಿಟ್ಟೆಲ್ಲ ಆ 1,200ರ ಮೇಲೆ. ನಾಲ್ಕು ಕೆಲಸದ ಟರ್ಮ್, ಟ್ರೈನಿಂಗ್ ಫೀಸೂ ಸೇರಿ ಐದು ಸಾವಿರ ಡಾಲರ್, ನಮ್ಮ ಲೆಕ್ಕದಲ್ಲಿ ಮೂರು ಲಕ್ಷ. ಅದು ಕಣ್ಣಿಗೆ ಕಾಣುವ ಖರ್ಚು. ಕಾಣದ್ದು ಇನ್ನೊಂದಿದೆ. ಕೋ-ಆಪ್ ತೆಗೆದುಕೊಂಡರೆ ಕೋರ್ಸ್ ಉದ್ದವಾಗುತ್ತದೆ. 48 ತಿಂಗಳಲ್ಲಿ ಮುಗಿಯುವುದು ನಮಗೆ 56 ತಿಂಗಳಾಯಿತು. 40 ಲಕ್ಷದ ಸಾಲ, ಹತ್ತೂವರೆ ಪರ್ಸೆಂಟ್, ಪೂರ್ತಿ ಬಿಡುಗಡೆಯಾದ ಮೇಲೆ ತಿಂಗಳಿಗೆ 35 ಸಾವಿರದ ಬಡ್ಡಿ. ಎಂಟು ತಿಂಗಳಿಗೆ ಹೆಚ್ಚುಕಮ್ಮಿ ಮತ್ತೆ ಮೂರು ಲಕ್ಷ. ಅಂದರೆ ಕೋ-ಆಪ್‌ನ ನಿಜವಾದ ಬೆಲೆ ಆರು ಲಕ್ಷ. ಇದನ್ನು ಯಾವ ಏಜೆಂಟರೂ ಹೇಳುವುದಿಲ್ಲ.

ಈಗ ಎದುರಿನ ಬದಿ. ಮಗಳಿಗೆ ಗಂಟೆಗೆ 25 ಡಾಲರ್ ಆಚೀಚೆ ಸಿಕ್ಕಿತು. ಹದಿನಾರು ವಾರ, 600 ಗಂಟೆ, 15 ಸಾವಿರ. ಅದರಲ್ಲಿ ತೆರಿಗೆ, ಪೆನ್ಶನ್, ಇನ್ಶೂರೆನ್ಸ್ ಅಂತ ಹಿಡಿದುಕೊಂಡು ಕೈಗೆ ಹನ್ನೆರಡೂವರೆ ಸಾವಿರ. ಬಾಡಿಗೆ, ಊಟ, ಬಸ್ಸು, ತಿಂಗಳಿಗೆ 75 ಡಾಲರ್ ಹೆಲ್ತ್ ಫೀಸು ಎಲ್ಲ ಕಳೆದು ಉಳಿದದ್ದು ಆರು, ಆರೂವರೆ ಸಾವಿರ. ಒಂದು ಟರ್ಮ್‌ನ ಟ್ಯೂಷನ್ 14 ಸಾವಿರ. ಅಂದರೆ ಒಂದು ಟರ್ಮ್ ದುಡಿದರೆ ಇನ್ನೊಂದು ಟರ್ಮ್‌ನ ಅರ್ಧ ಫೀಸು ಹುಟ್ಟುತ್ತದೆ, ಪೂರ್ತಿ ಅಲ್ಲ. ಆದರೂ ನಾಲ್ಕು ಟರ್ಮ್‌ಗೆ 15 ಲಕ್ಷ. ಆರು ಕಳೆಯಿರಿ. ಲಾಭವೇ ಅಲ್ವಾ?

ಲಾಭ ಬಂದದ್ದು ನಾನು ಒಂದು ಹಟ ಹಿಡಿದದ್ದರಿಂದ: ಸಂಬಳದ ಕಾಲಂನಲ್ಲಿ ದುಡ್ಡು ಬರುವವರೆಗೆ ಸೊನ್ನೆ. 2023ರ ಮೇನಲ್ಲಿ ಮೊದಲ ಕೆಲಸ ಸಿಗಬೇಕಿತ್ತು. ಸಿಗಲಿಲ್ಲ. ಬೇಸಿಗೆ ಟರ್ಮ್‌ಗೆ ಎಲ್ಲರೂ ಮುಗಿಬೀಳುತ್ತಾರೆ, ಆ ವರ್ಷ ಕಂಪನಿಗಳೂ ಕೈ ಬಿಗಿ ಹಿಡಿದಿದ್ದವು. ಮಗಳು ಫೋನಿನಲ್ಲಿ ಅತ್ತಳು. ಭಾವ ತಮ್ಮ ಹಳೆಯ ಮಾತು ನೆನಪಿಸಿದರು. ಏಜೆಂಟರ ಹಾಳೆ ನಂಬಿದ್ದರೆ ಆ ತಿಂಗಳು ಮಂಡಿ ಸಾಹುಕಾರರ ಮುಂದೆ ಕೈ ಚಾಚಬೇಕಿತ್ತು. ನನ್ನ ಪುಸ್ತಕದಲ್ಲಿ ಸೊನ್ನೆಯೇ ಇದ್ದದ್ದರಿಂದ ಎರಡು ಕೋರ್ಸ್‌ಗೆ ಫೀಸು ಕಟ್ಟಿ, ಓದು ಅಂದೆ.

ಸೆಪ್ಟೆಂಬರ್‌ನಲ್ಲಿ ಕೆಲಸ ಸಿಕ್ಕಿತು. ಆಗಲೇ ನನಗೆ ಹೊಳೆದದ್ದು. ನಮ್ಮ ಕೈಯಲ್ಲಿ ದುಡ್ಡಿಲ್ಲದ ಕಾಲ ಯಾವುದು? ಆಗಸ್ಟ್, ಸೆಪ್ಟೆಂಬರ್. ಹಳೇ ರಾಶಿ ಖಾಲಿ, ಹೊಸ ಕೊಯ್ಲು ಶುರುವಾಗಿಲ್ಲ. ಅದೇ ಹೊತ್ತಿಗೆ ದೊಡ್ಡ ಬಿಲ್ ಬರುತ್ತಿತ್ತು. ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿದ ಮೇಲೆ ಜನವರಿಗೂ ಮೇಗೂ ದುಡ್ಡು ಇರುತ್ತದೆ. ಹಾಗಾದರೆ ಸೆಪ್ಟೆಂಬರ್ ಟರ್ಮ್ ಪ್ರತಿ ವರ್ಷ ಕೆಲಸಕ್ಕೆ, ಜನವರಿ ಮತ್ತು ಮೇ ಓದಿಗೆ. ಸೆಪ್ಟೆಂಬರ್‌ನ ಬಿಲ್ 14 ಸಾವಿರದಿಂದ 1,200ಕ್ಕೆ ಇಳಿಯಿತು. ಆ ಟರ್ಮ್‌ನಲ್ಲಿ ಕೆಲಸಕ್ಕೆ ಪೈಪೋಟಿಯೂ ಕಡಿಮೆ. ಬೇಸಿಗೆಯಲ್ಲಿ ಕೋರ್ಸ್‌ಗಳು ಕಡಿಮೆ ಇರುತ್ತವೆ, ಕೊನೆಯ ಟರ್ಮ್ ಓದಿನದ್ದೇ ಆಗಬೇಕು ಅನ್ನುವ ನಿಯಮವೂ ಇತ್ತು. ಕೋ-ಆರ್ಡಿನೇಟರ್ ಜೊತೆ ಮಗಳು ಕೂತು ಹೊಂದಿಸಿಕೊಂಡಳು. ಅಡಿಕೆ ಕೊಯ್ಲಿಗೆ ಕೆನಡಾದ ಟೈಂಟೇಬಲ್ ಹೊಂದಿಸಿದವಳು ನಾನು ಅಂತ ಹೇಳಿಕೊಳ್ಳಲು ನನಗೇನೂ ಸಂಕೋಚ ಇಲ್ಲ!

2024ರ ಮಳೆಗಾಲದಲ್ಲಿ ಇದಕ್ಕೆ ನಿಜವಾದ ಪರೀಕ್ಷೆ ಆಯಿತು. ಜುಲೈ ತಿಂಗಳ ಮಳೆ ಬಿಡಲೇ ಇಲ್ಲ. ಬೋರ್ಡೋ ಔಷಧಿ ಹೊಡೆಯಲು ಬಿಡುವು ಸಿಗದೆ ಅಡಿಕೆಗೆ ಕೊಳೆರೋಗ ಬಂತು. ಬುಡದಲ್ಲಿ ಬಿದ್ದ ಕಾಯಿ ಕೈಗೆತ್ತಿಕೊಂಡರೆ ಮೇಲೆ ಬಿಳಿ ಬೂಷ್ಟು, ತೊಟ್ಟಿನ ಹತ್ತಿರ ನೀರು ಕುಡಿದ ಕಲೆ. ಕ್ವಿಂಟಲ್‌ಗೆ 50 ಸಾವಿರದ ರೇಟು ಇದ್ದರೇನು, ಹಾಕಲು ರಾಶಿ ಬೇಕಲ್ಲ. ಅಕ್ಟೋಬರ್‌ನಲ್ಲಿ ಮಗಳಿಗೆ ಹೇಳಿದೆ, ಅದೇ ಕಂಪನಿಯಲ್ಲಿ ಇನ್ನೊಂದು ಟರ್ಮ್ ಮುಂದುವರಿಸುತ್ತಾರಾ ಕೇಳು. ಒಪ್ಪಿದರು. ಹಾಗಾಗಿ 2025ರ ಜನವರಿಯಲ್ಲಿ ಟ್ಯೂಷನ್ ಬಿಲ್ಲೇ ಬರಲಿಲ್ಲ. ಮೇಗೆ ಬೇಕಾದ ಫೀಸು ಅವಳ ಉಳಿತಾಯದಲ್ಲೇ ಮುಕ್ಕಾಲು ಆಗಿತ್ತು.

ಬ್ಯಾಂಕಿನ ಕಥೆಯೂ ಹೇಳಬೇಕು. ತೋಟವನ್ನು ಅಡಮಾನಕ್ಕೆ ಕೊಡುತ್ತೇವೆ ಅಂದರೆ ಮುಟ್ಟಲೂ ಇಲ್ಲ, ಕೃಷಿ ಜಮೀನು ಎಜುಕೇಶನ್ ಲೋನಿಗೆ ಆಗುವುದಿಲ್ಲವಂತೆ. ಶಿವಮೊಗ್ಗದಲ್ಲಿ ಮಾವನವರ ಹೆಸರಲ್ಲಿದ್ದ ಸೈಟು ನಮ್ಮನ್ನು ಉಳಿಸಿತು. ಖಾತೆ, ಇಸಿ, ವಕೀಲರ ಅಭಿಪ್ರಾಯ ಅಂತ ಮಳೆಗಾಲವೆಲ್ಲ ಓಡಾಟ. ಮಂಜೂರಾತಿ ಪತ್ರದಲ್ಲಿ ಕೋರ್ಸ್ ಅವಧಿ 48 ತಿಂಗಳು ಅಂತಿತ್ತು. ಹಾಗೇ ಬಿಟ್ಟರೆ ಮಗಳು ಓದುತ್ತಿರುವಾಗಲೇ ಕಂತು ಶುರುವಾಗುವುದು ಹತ್ತಿರ ಬರುತ್ತದೆ. ಯೂನಿವರ್ಸಿಟಿಯಿಂದ ಕೋ-ಆಪ್ ಸೇರಿಸಿದ ಅವಧಿಯ ಪತ್ರ ತರಿಸಿ, ಸಹಿ ಹಾಕುವ ಮೊದಲೇ ತಿದ್ದಿಸಿದೆ.

ಅಷ್ಟಾದರೂ ಮೊದಲ ಕೋ-ಆಪ್ ಬಿಲ್ ಹೋದಾಗ ಅಧಿಕಾರಿ ಕೆಂಪು ಪೆನ್ನಿನಲ್ಲಿ ಗುಂಡು ಸುತ್ತಿದರು. "ಟ್ಯೂಷನ್ ಸೊನ್ನೆ ಇದೆ. ಇವಳು ಸ್ಟೂಡೆಂಟೋ, ಕೆಲಸಕ್ಕೆ ಸೇರಿದ್ದಾಳೋ?" ಮೂರು ವಾರ ಫೈಲ್ ಕೂತಿತು. ತಡಕ್ಕೆ ಅಲ್ಲಿ ಐವತ್ತು ಡಾಲರ್ ದಂಡ ಬಿತ್ತು. ಕೆಲಸದ ಟರ್ಮ್‌ನಲ್ಲೂ ಅವಳು ಪೂರ್ಣಾವಧಿ ವಿದ್ಯಾರ್ಥಿನಿ ಅನ್ನುವ ಎನ್‌ರೋಲ್‌ಮೆಂಟ್ ಪತ್ರ ತರಿಸಿ ಜೊತೆಗೆ ಇಟ್ಟ ಮೇಲೆ ಹೋಯಿತು. ಆ ಪತ್ರದಲ್ಲಿ ಯಾವ ಸಾಲು ಇದ್ದರೆ ಬ್ಯಾಂಕಿನವರು ಮತ್ತೆ ಪ್ರಶ್ನೆ ಕೇಳುವುದಿಲ್ಲ ಅನ್ನುವುದು ನನಗೆ ಗೊತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ಮಾತ್ರ. ಡಾಲರ್ ರೇಟಿನಲ್ಲಿ ಮೂವತ್ತು ಪೈಸೆ ಇಳಿಸಿಕೊಳ್ಳುವ ದಾರಿಯೂ ಅಷ್ಟೇ.

ಟಿಸಿಎಸ್, ಅಂದರೆ ವಿದೇಶಕ್ಕೆ ದುಡ್ಡು ಕಳಿಸುವಾಗ ಬ್ಯಾಂಕು ಮುಂಚೆಯೇ ಹಿಡಿದುಕೊಳ್ಳುವ ತೆರಿಗೆ, ಅದರ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. ಆಗ ವರ್ಷಕ್ಕೆ ಏಳು ಲಕ್ಷ ದಾಟಿದರೆ ಸ್ವಂತ ದುಡ್ಡಿಗೆ 5 ಪರ್ಸೆಂಟ್, ಲೋನ್ ದುಡ್ಡಿಗೆ ಅರ್ಧ ಪರ್ಸೆಂಟ್. 2025ರ ಏಪ್ರಿಲ್‌ನಿಂದ ಮಿತಿ ಹತ್ತು ಲಕ್ಷಕ್ಕೆ ಏರಿತು, ಲೋನ್ ದುಡ್ಡಿಗೆ ಇಲ್ಲವೇ ಇಲ್ಲ. ಅಡಿಕೆ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್ ಹಾಕಿದ ಮೇಲೆ ನಮಗೆ ಹಿಡಿದದ್ದೆಲ್ಲ ವಾಪಸ್ ಬಂತು. ಮಗಳೂ ಅಲ್ಲಿ ಏಪ್ರಿಲ್ ಕೊನೆಯೊಳಗೆ ರಿಟರ್ನ್ ಹಾಕಿ ಪ್ರತಿ ವರ್ಷ ಒಂದಿಷ್ಟು ಡಾಲರ್ ವಾಪಸ್ ಪಡೆದಳು.

ಇದೇ ಪುಸ್ತಕ ಪಕ್ಕದ ಮನೆ ಹುಡುಗನ ಇಂಜಿನಿಯರಿಂಗ್‌ಗೂ ಹಾಕಿ ನೋಡಿದೆ. ಉಪಯೋಗವಾಗಲಿಲ್ಲ. ಇಲ್ಲಿ ಇಂಟರ್ನ್‌ಶಿಪ್‌ಗೆ ಬೆಂಗಳೂರಿಗೆ ಹೋದರೂ ಕಾಲೇಜಿಗೆ ಪೂರ್ತಿ ವರ್ಷದ ಫೀಸು ಕಟ್ಟಲೇಬೇಕು, ಮೇಲೆ ಪಿಜಿ ಬಾಡಿಗೆ. ಹೊಂದಿಸಲು ಟರ್ಮ್ ಲೆಕ್ಕದ ಫೀಸು ಅನ್ನುವುದೇ ಇಲ್ಲ.

ಭಾವನ ಮಗನದು ಅಮೆರಿಕ. ಅಲ್ಲಿ ಕೋ-ಆಪ್ ಸಿಪಿಟಿ, ಅಂದರೆ ಓದುವಾಗಲೇ ಕೆಲಸ ಮಾಡಲು ಸಿಗುವ ಅನುಮತಿ, ಅದರ ಮೇಲೆ ನಡೆಯುತ್ತದೆ. ಪೂರ್ತಿ ಸಮಯದ ಸಿಪಿಟಿ ಹನ್ನೆರಡು ತಿಂಗಳು ಮುಟ್ಟಿತೋ, ಓದು ಮುಗಿದ ಮೇಲೆ ಕೆಲಸ ಮಾಡಲು ಸಿಗುವ ಒಪಿಟಿ ಅನ್ನುವ ಅನುಮತಿ ಹೋಗುತ್ತದೆ. ಆರಾರು ತಿಂಗಳ ಎರಡು ಕೋ-ಆಪ್ ಇದ್ದರೆ ತಾರೀಖು ಎಣಿಸಿಕೊಂಡೇ ಒಪ್ಪಬೇಕು. ಮತ್ತೆ ಭಾವನವರದು ಚಾಲಿ. ಹಣ್ಣಡಿಕೆ ಒಣಗಿ, ಸುಲಿದು ಮಾರುವ ಹೊತ್ತಿಗೆ ಬೇಸಿಗೆ. ಜನವರಿಯಲ್ಲಿ ಅವರ ಕೈ ಖಾಲಿ. ನನ್ನ ಪುಟಗಳನ್ನು ಜೆರಾಕ್ಸ್ ಮಾಡಿ ಕೊಟ್ಟರೆ ಅವರಿಗೆ ಆಗುವುದಿಲ್ಲ, ಕೂತು ಬೇರೆಯೇ ಬರೆಯಬೇಕು. ಬರುವ ಭಾನುವಾರ ಅಕ್ಕನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ, ಮನೆಯ ಖರ್ಚು ನಿಜವಾಗಿ ಗೊತ್ತಿರುವುದು ಅವಳಿಗೇ.