ಹಳೆ ಕೈ ವ್ಯಾಕ್ಯೂಮ್ ಕೂಡಿಡುವುದು ಹೇಗೆ? ಬ್ಯಾಟರಿ ವಿಷಯದಲ್ಲಿ ಅವಸರ ಬೇಡ

ತುಮಕೂರು ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು. ಇಲ್ಲಿ ಹಳೆ ವಾಚಿನ ಬೆಲೆ ಗುಜರಿ ಅಂಗಡಿಯವರಿಗೂ ಚೆನ್ನಾಗಿ ಗೊತ್ತು. ವೈರ್ ಇಲ್ಲದ ಹಳೆ ಕೈ ವ್ಯಾಕ್ಯೂಮ್ ಕ್ಲೀನರ್ ಬಗ್ಗೆ ಹಾಗಲ್ಲ. ಅಮೆರಿಕದಿಂದಲೋ ದುಬೈನಿಂದಲೋ ನೆಂಟರು ತಂದುಕೊಟ್ಟದ್ದು ಬ್ಯಾಟರಿ ಸತ್ತ ಮೇಲೆ ಅಟ್ಟ ಸೇರುತ್ತದೆ, ಮನೆ ಖಾಲಿ ಮಾಡುವಾಗ ಗುಜರಿಗೆ ಹೋಗುತ್ತದೆ. ಹಾಗಾಗಿ ಕೂಡಿಡುವ ಆಸೆ ಇದ್ದರೆ ಇದು ಒಳ್ಳೆಯ ಕಾಲ. ಆದರೆ ತಂದ ದಿನವೇ ಪ್ಲಗ್‌ಗೆ ಹಾಕಿ ಸುಟ್ಟುಕೊಂಡವರನ್ನು ತುಂಬ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವುದನ್ನು ಕೊಳ್ಳಬೇಕು?

ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯ ಡಸ್ಟ್‌ಬಸ್ಟರ್‌ನಿಂದ ಶುರು ಮಾಡಿ. ಅದು ಮಾರುಕಟ್ಟೆಗೆ ಬಂದದ್ದು 1979ರಲ್ಲಿ. ಮೂತಿ ಇಳಿಜಾರು, ಹಿಡಿಕೆ ಮೇಲೆ, ಗೋಡೆಗೆ ತೂಗುಹಾಕುವ ಚಾರ್ಜರ್. ಆಮೇಲೆ ಬಂದ ಎಷ್ಟೋ ಕಂಪನಿಗಳು ಇದೇ ಆಕಾರವನ್ನು ಹಿಡಿದವು. ‘ಇದು ಚಂದ್ರನ ಮೇಲೆ ಹೋಗಿ ಬಂದ ಮಾಡೆಲ್’ ಎಂದು ಯಾರಾದರೂ ಹೆಚ್ಚು ಬೆಲೆ ಹೇಳಿದರೆ ಒಪ್ಪಬೇಡಿ. ಅಪೊಲೊ ಯಾನಗಳಿಗಾಗಿ ಈ ಕಂಪನಿ ಬ್ಯಾಟರಿ ಡ್ರಿಲ್ ಮೇಲೆ ಕೆಲಸ ಮಾಡಿತ್ತು. ಕಡಿಮೆ ಕರೆಂಟಿನಲ್ಲಿ ಓಡುವ ಮೋಟರ್ ಮಾಡುವುದನ್ನು ಅಲ್ಲಿ ಕಲಿತದ್ದು ಇಲ್ಲಿಗೆ ಬಂತು, ಅಷ್ಟೇ.

ಕೊಳ್ಳುವಾಗ ಚಾರ್ಜರ್ ಇದೆಯಾ ನೋಡಿ. ಇಲ್ಲದಿದ್ದರೆ ಅರ್ಧ ಬೆಲೆಗಿಂತ ಜಾಸ್ತಿ ಕೊಡಬೇಡಿ. ಮೂತಿ ಬಿರುಕು ಬಿಟ್ಟಿದ್ದರೆ ಅಲ್ಲೇ ಬಿಟ್ಟುಬನ್ನಿ. ಓಡದಿದ್ದರೆ ಚಿಂತೆ ಇಲ್ಲ, ಹೆಚ್ಚಾಗಿ ಸತ್ತಿರುವುದು ಬ್ಯಾಟರಿ ಮಾತ್ರ.

ಪ್ಲಗ್‌ಗೆ ಹಾಕುವ ಮೊದಲು

ಚಾರ್ಜರ್ ಮೇಲಿನ ಅಕ್ಷರ ಓದಿ. ಅಮೆರಿಕದ್ದಾದರೆ 120 ವೋಲ್ಟ್ ಎಂದಿರುತ್ತದೆ, ನಮ್ಮ ಮನೆಯಲ್ಲಿ ಬರುವುದು 230. ಅಂಗಡಿಯಲ್ಲಿ ಸಿಗುವ ಅಗ್ಗದ ಕನ್ವರ್ಟರ್ ಪ್ಲಗ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜ್ ಇಳಿಸುವುದಿಲ್ಲ. ಇದನ್ನು ನಂಬಿಯೇ ಜನ ಸುಟ್ಟುಕೊಳ್ಳುವುದು. ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದರಲ್ಲಿ ಹಾಕಿದ ಮೇಲೂ ಚಾರ್ಜರ್ ಅನ್ನು ಆಗಾಗ ಮುಟ್ಟಿ ನೋಡಿ. 60 ಹರ್ಟ್ಸ್‌ಗೆ ಮಾಡಿದ್ದು ನಮ್ಮ 50 ಹರ್ಟ್ಸ್‌ನಲ್ಲಿ ಸ್ವಲ್ಪ ಜಾಸ್ತಿ ಬಿಸಿಯಾಗುತ್ತದೆ.

ಬ್ಯಾಟರಿ ಬದಲಿಸುವುದು

ಎಡವುವುದೆಲ್ಲ ಇಲ್ಲೇ. ನಿಧಾನವಾಗಿ ಓದಿ.

ಸ್ಕ್ರೂ ಬಿಚ್ಚಿ. ಕಾಣದಿದ್ದರೆ ಸ್ಟಿಕರ್ ಕೆಳಗೆ ಬೆರಳಾಡಿಸಿ, ಅಲ್ಲಿ ಒಂದು ಅಡಗಿರಬಹುದು. ಚಿಪ್ಪು ತೆರೆದ ಕೂಡಲೇ ಏನನ್ನೂ ಅಲುಗಾಡಿಸದೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಯಾವ ಬಣ್ಣದ ವೈರ್ ಪ್ಲಸ್‌ಗೆ ಹೋಗಿದೆ ಎನ್ನುವುದು ಸ್ಪಷ್ಟವಾಗಿ ಕಾಣಬೇಕು. ಮರಳಿ ಜೋಡಿಸುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಮೋಟರ್ ಹಿಮ್ಮುಖವಾಗಿ ತಿರುಗುತ್ತದೆ. ಸದ್ದು ಬರುತ್ತದೆ, ಎಳೆತ ತೀರಾ ಕಡಿಮೆ ಇರುತ್ತದೆ. ‘ಮೋಟರ್ ಹೋಗಿದೆ’ ಎಂದು ಒಳ್ಳೆಯ ಮೋಟರನ್ನು ಎಸೆದವರಿದ್ದಾರೆ.

ಒಳಗಿರುವುದು ನಿಕೆಲ್ ಕ್ಯಾಡ್ಮಿಯಂ ಸೆಲ್. ಒಂದೊಂದು 1.2 ವೋಲ್ಟ್. ಮೂರಿದ್ದರೆ 3.6, ನಾಲ್ಕಿದ್ದರೆ 4.8. ಸೆಲ್ ಮೇಲೆ ಬಿಳಿ ಪುಡಿ ಕಂಡರೆ ಅದು ಸೋರಿದ ಕ್ಷಾರ. ಕೈಗವಸು ಹಾಕಿ, ಬಟ್ಟೆಗೆ ವಿನೆಗರ್ ಇಲ್ಲವೇ ನಿಂಬೆರಸ ಹಚ್ಚಿ ಒರೆಸಿ, ಪೂರ್ತಿ ಒಣಗಿಸಿ.

ಹೊಸ ಸೆಲ್ ತರುವ ಮೊದಲು ಹಳೆಯದನ್ನು ಅಳೆಯಿರಿ. ಸುಮಾರು 23 ಮಿ.ಮೀ. ಅಗಲ, 43 ಮಿ.ಮೀ. ಉದ್ದ ಇದ್ದರೆ ಅದು ‘ಸಬ್ ಸಿ’. ತುಮಕೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿ. ಟ್ಯಾಬ್ ಇರುವ ಸೆಲ್ಲನ್ನೇ ಕೇಳಿ ಪಡೆಯಿರಿ. ಟ್ಯಾಬ್ ಎಂದರೆ ತುದಿಗೆ ಮೊದಲೇ ಕೂಡಿಸಿರುವ ತೆಳು ಪಟ್ಟಿ. ವೈರನ್ನು ಆ ಪಟ್ಟಿಗೆ ಬೆಸೆಯಬೇಕು. ಸೆಲ್ ಮೈಗೇ ಕಾದ ಸಾಲ್ಡರಿಂಗ್ ಐರನ್ ಇಟ್ಟು ಬೆಸೆದರೆ ಒಳಗಿನ ಸೀಲ್ ಹಾಳಾಗುತ್ತದೆ, ಕೆಲವೇ ತಿಂಗಳಲ್ಲಿ ಮತ್ತೆ ಸೋರುತ್ತದೆ. ಅಂಗಡಿಯವರು ‘ಏನೂ ಆಗಲ್ಲ ಸಾರ್’ ಎಂದರೂ ಕೇಳಬೇಡಿ. ಮೇಲೆ ದೊಡ್ಡ ಎಂಎಎಚ್ ಅಂಕಿ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎನ್ನುವ ಅಳತೆ) ಬರೆದು, ಕೈಯಲ್ಲಿ ಹಿಡಿದರೆ ಹಗುರ ಅನ್ನಿಸುವ ಸೆಲ್ಲೂ ಬೇಡ. ಹಳೆ ಸೆಲ್ ಜೊತೆಗೆ ಒಯ್ದು ತೂಕ ಹೋಲಿಸಿ.

ಲಿಥಿಯಂ ಸೆಲ್ ಹಾಕಿಬಿಡೋಣ ಅಂತ ತುಂಬ ಜನ ಯೋಚಿಸುತ್ತಾರೆ. ಖಂಡಿತ ಬೇಡ. ಆ ಕಾಲದ ಚಾರ್ಜರ್‌ಗಳು ತೀರಾ ಸರಳ. ಬ್ಯಾಟರಿ ತುಂಬಿತು ಎಂದು ಅವಕ್ಕೆ ತಿಳಿಯುವುದೇ ಇಲ್ಲ, ಸಣ್ಣ ಕರೆಂಟ್ ಹರಿಯುತ್ತಲೇ ಇರುತ್ತದೆ. ನಿಕೆಲ್ ಕ್ಯಾಡ್ಮಿಯಂ ಅದನ್ನು ತಡೆದುಕೊಳ್ಳುತ್ತದೆ. ಲಿಥಿಯಂಗೆ ಬೆಂಕಿ ಹತ್ತಬಹುದು.

ಸೆಲ್‌ಗಳನ್ನು ಒಂದರ ಪ್ಲಸ್ ಇನ್ನೊಂದರ ಮೈನಸ್‌ಗೆ ಬರುವಂತೆ ಜೋಡಿಸಿ, ಪ್ರತಿ ಜೋಡಣೆಗೂ ಇನ್ಸುಲೇಷನ್ ಟೇಪ್ ಸುತ್ತಿ. ಎರಡು ತುದಿ ಒಂದಕ್ಕೊಂದು ತಗುಲಿದರೆ ವೈರ್ ಕ್ಷಣದಲ್ಲಿ ಕೆಂಡವಾಗುತ್ತದೆ. ಮುಚ್ಚುವ ಮೊದಲು ಮಲ್ಟಿಮೀಟರ್‌ನಲ್ಲಿ ವೋಲ್ಟೇಜ್ ನೋಡಿ, ಸ್ವಿಚ್ ಒತ್ತಿ ಗಾಳಿಯ ಎಳೆತ ಪರೀಕ್ಷಿಸಿ.

ಮೊದಲ ಚಾರ್ಜ್‌ಗೆ ಲೆಕ್ಕ ಹಾಕಿ. ಸೆಲ್ 1200 ಎಂಎಎಚ್ ಇದ್ದು, ಚಾರ್ಜರ್ 100 ಮಿಲಿಆಂಪ್ ಕೊಟ್ಟರೆ 12 ಗಂಟೆ. ನಷ್ಟ ಸೇರಿಸಿ ಸುಮಾರು 17 ಗಂಟೆ ಇಡಿ. 2000ದ ಸೆಲ್ ಹಾಕಿದರೆ ಇದೇ ಚಾರ್ಜರ್‌ಗೆ 28 ಗಂಟೆ ಬೇಕು. ಅದು ತಿಳಿಯದೆ ‘ಹೊಸ ಸೆಲ್ಲೂ ದಂಡ’ ಎನ್ನುವವರು ಜಾಸ್ತಿ. ನನ್ನ ಮಾತು ಕೇಳುವುದಾದರೆ ಮೊದಲು ಇದ್ದಷ್ಟೇ ಶಕ್ತಿಯ ಸೆಲ್ ಹಾಕಿ.

ಮೈ ಮತ್ತು ಫಿಲ್ಟರ್

ಸೋಪು ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಸಾಕು. ಥಿನ್ನರ್, ಪೆಟ್ರೋಲ್ ಹಾಕಿದರೆ ಪ್ಲಾಸ್ಟಿಕ್ ಮೈ ಕರಗಿ ಮಂಕಾಗುತ್ತದೆ. ಬಿಳಿ ಪ್ಲಾಸ್ಟಿಕ್ ಹಳದಿಯಾಗಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡುವ ಉಪಾಯವಿದೆ. ಆದರೆ ತುಮಕೂರಿನ ಬೇಸಿಗೆಯಲ್ಲಿ ಹಚ್ಚಿದ್ದು ಬೇಗ ಒಣಗಿ ಮಚ್ಚೆ ಮಚ್ಚೆಯಾಗುತ್ತದೆ. ಹಳದಿ ಬಣ್ಣವೂ ಅದರ ವಯಸ್ಸೇ ಅಲ್ವಾ? ನಾನಾದರೆ ಹಾಗೇ ಬಿಡುತ್ತೇನೆ.

ಬಟ್ಟೆಯ ಫಿಲ್ಟರ್ ಹರಿದಿದ್ದರೆ ಅದರ ಅಳತೆಗೇ ದಪ್ಪ ಹತ್ತಿ ಬಟ್ಟೆಯಲ್ಲಿ ಟೈಲರ್ ಹತ್ತಿರ ಹೊಲಿಸಿ. ಒದ್ದೆ ಫಿಲ್ಟರ್ ಹಾಕಿ ಓಡಿಸಬೇಡಿ.

ಹಳೆ ಸೆಲ್ ಏನು ಮಾಡುವುದು?

ಕ್ಯಾಡ್ಮಿಯಂ ವಿಷ. ಕಸದ ಗಾಡಿಗೆ ಹಾಕಬೇಡಿ, ಒಲೆಗೆ ಎಸೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ. ತುದಿಗಳಿಗೆ ಟೇಪ್ ಸುತ್ತಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟುಕೊಳ್ಳಿ. ಬೆಂಗಳೂರಿಗೆ ಹೋದಾಗ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹಕಾರರಿಗೆ, ಅವರು ಬ್ಯಾಟರಿ ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿ, ಕೊಟ್ಟುಬನ್ನಿ.