ಮಾಗಿಯ ಚಳಿಯಲ್ಲಿ ಕುಂಡದ ಗಿಡಗಳ ಆರೈಕೆ

ಬೆಂಗಳೂರಿನ ಚಳಿಯಲ್ಲಿ ಗಿಡಗಳು ಹೆಪ್ಪುಗಟ್ಟುವುದಿಲ್ಲ. 1884ರ ಜನವರಿಯಲ್ಲಿ ದಾಖಲಾದ ಇಲ್ಲಿನ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್. ಆದರೂ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿದಾಗ ತುಳಸಿ, ವೀಳ್ಯದೆಲೆ ಬಳ್ಳಿ, ಕ್ರೋಟನ್, ಆಂಥೂರಿಯಂ ಮುಂತಾದ ಸೆಖೆನಾಡಿನ ಗಿಡಗಳು ಸೊರಗತೊಡಗುತ್ತವೆ. ನಾನು ಕಂಡಂತೆ, ಇವು ಚಳಿಗಿಂತ ಹೆಚ್ಚಾಗಿ ಸಾಯುವುದು ಬೇಸಿಗೆಯ ಅಭ್ಯಾಸದಲ್ಲೇ ನಾವು ಹೊಯ್ಯುವ ನೀರಿನಿಂದ.

ಮಣ್ಣು ತಣ್ಣಗಾದಂತೆ ಬೇರು ನೀರು ಹೀರುವುದು ನಿಧಾನವಾಗಿ, ಕುಂಡದಲ್ಲಿ ಉಳಿದ ತೇವವು ಬೇರನ್ನು ಕೊಳೆಸುತ್ತದೆ. ನಮ್ಮ ಮನೆಯ ಅಡೇನಿಯಂ ಚಳಿಗೆ ಎಲೆ ಉದುರಿಸಿದ್ದನ್ನು ಬಾಯಾರಿಕೆಯೆಂದು ತಿಳಿದು ದಿನವೂ ನೀರೆರೆದೆ. ಮೂರನೆಯ ವಾರ ಅದರ ದಪ್ಪ ಬುಡವನ್ನು ಒತ್ತಿ ನೋಡಿದರೆ ಕೊಳೆತ ಬದನೆಕಾಯಿಯಂತೆ ಬೆರಳು ಒಳಗಿಳಿಯಿತು. ಆದ್ದರಿಂದ ಮೊದಲು ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ. ತುದಿಗೆ ಹಸಿ ಮಣ್ಣು ಅಂಟಿ ಬಂದರೆ ಅಂದು ನೀರು ಬೇಡ. ಒಣಗಿದ್ದರೆ, ಬಿಸಿಲೇರಿದ ಬಳಿಕ, ಎಲೆ ನೆನೆಯದಂತೆ ಬುಡಕ್ಕಷ್ಟೇ ಹಾಕಿ. ಸಂಜೆ ನೀರು ಹಾಕುವುದನ್ನು ಶಿವರಾತ್ರಿಯವರೆಗೆ ಬಿಟ್ಟುಬಿಡುವುದು ಒಳ್ಳೆಯದು.

ಮೋಡವಿಲ್ಲದ ರಾತ್ರಿ ತಾರಸಿಯ ಗಿಡಗಳು ತಮ್ಮ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಕೊಡುವುದರಿಂದ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ. ಅಂಥ ಕುಂಡಗಳನ್ನು ಸಜ್ಜಾದ ಕೆಳಗೆ, ಮಧ್ಯಾಹ್ನದ ಬಿಸಿಲು ಕುಡಿದ ಪಡುವಣ ಗೋಡೆಗೆ ಒತ್ತಾಗಿ, ನೆಲ ತಾಗದಂತೆ ಇಟ್ಟಿಗೆಗಳ ಮೇಲೆ ಇಡಿ. ಸರಿಸಲಾಗದಷ್ಟು ದೊಡ್ಡ ಕುಂಡವಾದರೆ ನಾಲ್ಕು ಕೋಲು ನೆಟ್ಟು, ಎಲೆಗೆ ತಾಗದಂತೆ ಹಳೆಯ ಹತ್ತಿ ಪಂಚೆಯನ್ನು ಹೊದಿಸಿ, ಬೆಳಿಗ್ಗೆ ತಪ್ಪದೆ ತೆಗೆಯಿರಿ. ಪ್ಲಾಸ್ಟಿಕ್ ಹಾಳೆ ಬೇಡ: ಅದರೊಳಗೆ ರಾತ್ರಿಯೆಲ್ಲ ಬೆವರಿದ ಗಿಡ, ಮರೆತು ಬಿಟ್ಟರೆ ಹತ್ತು ಗಂಟೆಯ ಬಿಸಿಲಿಗೆ ಬೆಂದುಹೋಗುತ್ತದೆ.

ಮಣ್ಣಿನ ಮೇಲೆ ಎರಡು ಅಂಗುಲ ತರಗೆಲೆ ಅಥವಾ ತೆಂಗಿನ ನಾರು ಹರಡಿದರೆ ಬೇರು ಬೆಚ್ಚಗಿರುತ್ತದೆ. ಕಾಂಡದ ಸುತ್ತ ಮಾತ್ರ ಸ್ವಲ್ಪ ಜಾಗ ಬಿಡಿ. ಈ ಹೊದಿಕೆ ತೇವವನ್ನೂ ಹಿಡಿದಿಡುವುದರಿಂದ ಅದನ್ನು ಬದಿಗೆ ಸರಿಸಿಯೇ ಬೆರಳಿನ ಪರೀಕ್ಷೆ ಮಾಡಬೇಕು.

ಈ ದಿನಗಳಲ್ಲಿ ಕರಿಬೇವು ಬೋಳಾದರೂ ಕತ್ತರಿಸಬೇಡಿ, ಗೊಬ್ಬರವನ್ನೂ ಹಾಕಬೇಡಿ. ಅದರಿಂದ ಹೊರಡುವ ಎಳೆ ಚಿಗುರೇ ಚಳಿಗೆ ಮೊದಲು ಕಪ್ಪಾಗುವುದು. ಪೆಟೂನಿಯಾ, ಡೇಲಿಯಾಗಳಿಗೆ ಮಾತ್ರ ಈ ಉಪಚಾರ ಯಾವುದೂ ಬೇಡ. ಜನವರಿಯಲ್ಲಿ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದವರು ನೋಡಿರುವಂತೆ, ಅವುಗಳಿಗೆ ಇದೇ ಹಬ್ಬದ ಕಾಲ.