ದೂರಶಿಕ್ಷಣದಲ್ಲಿ ಕೈಕೆಲಸ: ದುಡ್ಡು ಕಟ್ಟುವ ಮೊದಲು ಇಷ್ಟು ನೋಡಿ

"ಮನೆಯಲ್ಲೇ ಕೂತು ಆರು ತಿಂಗಳಲ್ಲಿ ಐಟಿಐ ಸರ್ಟಿಫಿಕೇಟ್" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಟ್ರೇಡ್‌ಗಳು ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷ, ವೆಲ್ಡರ್ ಒಂದು ವರ್ಷ. ಅದರಲ್ಲಿ ಹೆಚ್ಚಿನ ಹೊತ್ತು ಹೋಗುವುದೇ ವರ್ಕ್‌ಶಾಪ್‌ನಲ್ಲಿ.

ಹಾಗಂತ ದೂರಶಿಕ್ಷಣ ಪೂರಾ ದಂಡ ಅಂತಲ್ಲ. ಯಾರಿಗೆ, ಯಾವಾಗ ಅನ್ನುವುದೇ ಪ್ರಶ್ನೆ.

ಮೊದಲು ನೋಡಬೇಕಾದ್ದು, ನಾಳೆ ಕೆಲಸ ಕೊಡುವವರು ನಿಮ್ಮಿಂದ ಏನು ಕೇಳುತ್ತಾರೆ ಅಂತ. ಕಾಗದವೋ, ಕೈಯೋ? ಗಲ್ಫ್‌ಗೆ ಹೋಗುವ ಪೈಪ್ ವೆಲ್ಡರ್‌ಗೆ ಟ್ರೇಡ್ ಟೆಸ್ಟ್, ಅಂದರೆ ಎದುರಿಗೇ ಕೆಲಸ ಮಾಡಿಸಿ ನೋಡುವ ಪರೀಕ್ಷೆ, ಇಡುತ್ತಾರೆ. ಅದರಲ್ಲಿ 6ಜಿ ಅನ್ನುವ ಪರೀಕ್ಷೆ ಅಂದರೆ ಪೈಪನ್ನು 45 ಡಿಗ್ರಿ ಓರೆಯಾಗಿ ಬಿಗಿದಿರುತ್ತಾರೆ, ಅದನ್ನು ತಿರುಗಿಸುವಂತಿಲ್ಲ, ನೀವೇ ಬಗ್ಗಿ, ಎದ್ದು, ಸುತ್ತ ಹೋಗಿ ಬೆಸೆಯಬೇಕು, ಮೊದಲ ಪದರ ಒಳಗೆ ಸರಿಯಾಗಿ ಇಳಿಯದಿದ್ದರೆ ಎಕ್ಸ್‌ರೇಯಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿ ವಿಡಿಯೋ ಕೋರ್ಸ್‌ನ ಸರ್ಟಿಫಿಕೇಟ್ ತೋರಿಸಿ ಏನು ಪ್ರಯೋಜನ? ನಮ್ಮ ವಿದ್ಯುತ್ ಕಂಪನಿಗಳ ಪವರ್‌ಮ್ಯಾನ್ ಕೆಲಸವೂ ಹಾಗೇ. ಓದು ಎಸ್ಸೆಸ್ಸೆಲ್ಸಿ ಸಾಕು, ಆದರೆ ಕಂಬ ಹತ್ತಿ ತೋರಿಸಬೇಕು. ಇನ್ನೊಂದು ಕಡೆ, ನೀವೇ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಆಗಬೇಕು ಅಂದರೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಬೇಕು, ಅಲ್ಲಿ ಕಾಗದ ಮುಖ್ಯ. ಅದೂ ಅವರು ಒಪ್ಪುವ ಕಾಗದ.

ಆಮೇಲೆ ಕೋರ್ಸ್‌ನ ಸಿಲಬಸ್ ತರಿಸಿಕೊಂಡು ಪೆನ್ನು ಹಿಡಿದು ಕೂತುಕೊಳ್ಳಿ. ನೋಡಿ ಕಲಿಯುವುದಕ್ಕೆ ಒಂದು ಗುರುತು, ಮಾಡಿಯೇ ಕಲಿಯಬೇಕಾದ್ದಕ್ಕೆ ಇನ್ನೊಂದು. ಡ್ರಾಯಿಂಗ್ ಓದುವುದು, ಲೋಡ್ ಲೆಕ್ಕ, ಎಸ್ಟಿಮೇಟ್, ಸುರಕ್ಷತೆಯ ನಿಯಮ, ಆಟೋಕ್ಯಾಡ್, ಜಿಎಸ್‌ಟಿ ಬಿಲ್ಲು, ಇವೆಲ್ಲ ಮನೆಯಲ್ಲೇ ಆಗುತ್ತವೆ. ಫೈಲ್ (ಅರ) ಹಿಡಿದು ಲೋಹ ಉಜ್ಜಿ ಮಟ್ಟ ಮಾಡುವುದು, ಎಸಿಯ ಕಾಪರ್ ಪೈಪ್ ಬೆಸೆದು ವ್ಯಾಕ್ಯೂಮ್ ಎಳೆದು ಗ್ಯಾಸ್ ತುಂಬುವುದು, ಸುಟ್ಟ ಮೋಟಾರ್ ರಿವೈಂಡ್ ಮಾಡುವುದು, ಇವಕ್ಕೆ ಕೈ ಪಳಗಬೇಕು. ತಪ್ಪಿದಾಗ "ಹಾಗಲ್ಲ ಮಾರಾಯ" ಅಂತ ಪಕ್ಕದಲ್ಲಿ ಬೈಯುವ ಒಬ್ಬರು ಬೇಕು. ಎರಡನೇ ಗುರುತೇ ಜಾಸ್ತಿ ಬಿತ್ತು, ಪ್ರಾಕ್ಟಿಕಲ್ ಎಲ್ಲಿ ಅಂತ ಕೋರ್ಸ್‌ನವರಲ್ಲಿ ಉತ್ತರ ಇಲ್ಲ ಅಂದರೆ ಆ ಕೋರ್ಸ್ ನಿಮಗೆ ಬೇಡ.

ನನ್ನ ಪ್ರಕಾರ ದೂರಶಿಕ್ಷಣ ನಿಜವಾಗಿ ಕೈ ಹಿಡಿಯುವುದು ಈಗಾಗಲೇ ಕೆಲಸದಲ್ಲಿ ಇರುವವರಿಗೆ. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್‌ನ, ಆಪರೇಟರ್ ಆಗಿರುವ ಹುಡುಗ ಪ್ರೋಗ್ರಾಮಿಂಗ್ ಕಲಿಯಬೇಕು ಅಂದುಕೊಳ್ಳಿ. ಮೆಷಿನ್‌ಗೆ ಆದೇಶ ಕೊಡುವ ಜಿ ಕೋಡ್, ಎಂ ಕೋಡ್ ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ಕಲಿಯಬಹುದು, ಸಿಮ್ಯುಲೇಟರ್‌ನಲ್ಲಿ ಟೂಲ್ ಹೋಗಿ ಜಾಬ್‌ಗೆ (ಕೊರೆಯುತ್ತಿರುವ ಲೋಹದ ತುಂಡಿಗೆ) ಗುದ್ದಿದರೂ ನಷ್ಟ ಇಲ್ಲ, ಬೆಳಗ್ಗೆ ಶಿಫ್ಟ್‌ಗೆ ಹೋದರೆ ಓದಿದ್ದೆಲ್ಲ ಕಣ್ಣೆದುರಿನ ಮೆಷಿನ್‌ನಲ್ಲೇ ಇರುತ್ತದೆ. ಮೇಸ್ತ್ರಿ ಹತ್ತಿರ ವರ್ಷಗಟ್ಟಲೆ ವೈರಿಂಗ್ ಮಾಡಿ ಕಾಗದ ಮಾತ್ರ ಇಲ್ಲದವರಿಗೂ ದಾರಿ ಇದೆ. ಅನುಭವ, ವಯಸ್ಸು ನಿಯಮಕ್ಕೆ ಹೊಂದಿದರೆ ಐಟಿಐ ಪರೀಕ್ಷೆಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ಕೇಳಿ, ಏಜೆಂಟ್ ಹತ್ತಿರ ಬೇಡ.

ಎಸ್ಸೆಸ್ಸೆಲ್ಸಿಯಲ್ಲೇ ನಿಂತುಹೋದವರು ಎನ್‌ಐಒಎಸ್ (ಕೇಂದ್ರ ಸರ್ಕಾರದ ಮುಕ್ತ ಶಾಲೆ) ಮೂಲಕ ಹತ್ತನೇ ತರಗತಿ ಮುಗಿಸಿ ಆಮೇಲೆ ಐಟಿಐ ಸೇರಬಹುದು. ಇದು ದೂರಶಿಕ್ಷಣದ ಒಳ್ಳೆಯ ಉಪಯೋಗ, ಯಾಕೋ ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಅಂಚೆ ಮೂಲಕ ಎಂಜಿನಿಯರಿಂಗ್ ಡಿಪ್ಲೊಮಾ ಅಂದರೆ ಮಾತ್ರ ಹುಷಾರು. ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇ ಒಪ್ಪಿಗೆ ಇಲ್ಲದೆ ತಾಂತ್ರಿಕ ಶಿಕ್ಷಣವನ್ನು ದೂರಶಿಕ್ಷಣದಲ್ಲಿ ಕೊಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2017ರ ನವೆಂಬರ್‌ನಲ್ಲಿ ಹೇಳಿತು, ಹಾಗೆ ಓದಿದ್ದ ಎಷ್ಟೋ ಜನರ ಎಂಜಿನಿಯರಿಂಗ್ ಪದವಿ ತೂಗುಯ್ಯಾಲೆಗೆ ಬಿತ್ತು. ಡಿಪ್ಲೊಮಾ ಬೇಕೇ ಬೇಕು ಅಂದರೆ ಎರಡು ವರ್ಷದ ಐಟಿಐ ಮಾಡಿ ಪಾಲಿಟೆಕ್ನಿಕ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರುವ ಅವಕಾಶ ಇದೆ.

ಇನ್ನು ದುಡ್ಡು. ಫೀಸು ಒಂದನ್ನೇ ನೋಡಬೇಡಿ. ಟೂಲ್ ಕಿಟ್, ಮಲ್ಟಿಮೀಟರ್, ವೆಲ್ಡಿಂಗ್ ರಾಡು, ಪ್ರಾಕ್ಟಿಕಲ್‌ಗೆ ಊರಿಂದ ಓಡಾಟ, ರೂಮ್ ಬಾಡಿಗೆ, ಎಲ್ಲಾ ಸೇರಿಸಿ ಕೂಡಿಸಿ. ಅದರ ಪಕ್ಕದಲ್ಲೇ ಅಪ್ರೆಂಟಿಸ್‌ಶಿಪ್ ಇಟ್ಟು ನೋಡಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಕಲಿಯುವಾಗಲೇ ಸ್ಟೈಪೆಂಡ್ ಸಿಗುತ್ತದೆ. ದುಡ್ಡು ಕೊಟ್ಟು ಕಲಿಯುವುದು ಒಂದು, ದುಡ್ಡು ತೆಗೆದುಕೊಂಡು ಕಲಿಯುವುದು ಇನ್ನೊಂದು, ಅಲ್ವಾ? ಥಿಯರಿಗೆ ಸುಮ್ನೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಕೇಂದ್ರ ಸರ್ಕಾರದ ಭಾರತ್ ಸ್ಕಿಲ್ಸ್ ಜಾಲತಾಣ ತೆರೆದು ನೋಡಿ, ಐಟಿಐ ಟ್ರೇಡ್‌ಗಳ ಸಿಲಬಸ್, ಪುಸ್ತಕ, ಪ್ರಶ್ನೆಗಳು ಅಲ್ಲಿ ಪುಕ್ಕಟೆ ಇವೆ. ಒಂದು ತಿಂಗಳು ಯಾರೂ ಹೇಳದೆ ದಿನಾ ಅದನ್ನು ಓದಲು ಆಗುತ್ತದಾ ಅಂತ ನಿಮ್ಮನ್ನೇ ಪರೀಕ್ಷೆ ಮಾಡಿಕೊಳ್ಳಿ. ಆಗಲಿಲ್ಲ ಅಂದರೆ ಫೀಸು ಕಟ್ಟಿದ ಮೇಲೂ ಆಗುವುದು ಕಷ್ಟ.

ಎಲ್ಲಾ ನೋಡಿ ಸೇರಬಹುದು ಅನ್ನಿಸಿದರೆ ಕೋರ್ಸ್‌ನವರಿಗೆ ಫೋನ್ ಮಾಡಿ: ಸರ್ಟಿಫಿಕೇಟ್ ಮೇಲೆ ಯಾರ ಹೆಸರು ಇರುತ್ತದೆ, ಪ್ರಾಕ್ಟಿಕಲ್ ಪರೀಕ್ಷೆ ಯಾವ ಊರಲ್ಲಿ, ಬಿಟ್ಟರೆ ಎಷ್ಟು ದುಡ್ಡು ವಾಪಸ್ ಕೊಡುತ್ತೀರಿ. ಉತ್ತರ ಬರವಣಿಗೆಯಲ್ಲಿ ಕೇಳಿ. ಬಂದದ್ದನ್ನು ತೆಗೆದುಕೊಂಡು ನೀವು ಸೇರಬೇಕು ಅಂತಿರುವ ವರ್ಕ್‌ಶಾಪ್‌ನ ಮಾಲೀಕರಿಗೆ ತೋರಿಸಿ, "ಇದು ಮಾಡಿಕೊಂಡು ಬಂದರೆ ಕೆಲಸ ಕೊಡ್ತೀರಾ ಅಣ್ಣಾ?" ಅಂತ ಕೇಳಿ. ಅವರು ನಕ್ಕರೆ ದುಡ್ಡು ಉಳಿಯಿತು.